ಡ್ರಿಲ್ ಟೀಚರ್ ಹತ್ತಿಸಿದ ಗುಡ್ಡ

ಎತ್ತಿ ಸೊಂಟಕ್ಕೆ ಸಿಕ್ಕಿಸಿದ ನೂಲಿನ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಮೊಣಕಾಲಿನ ಕೆಳಗೆ ರಕ್ತ ಹೀರುವ ಇಂಬಳ ಕಚ್ಚಿದ ಕಪ್ಪು ಕಲೆಗಳು. ಮೂಡಿಗೆರೆಯ ನಮ್ಮ ಹೈಸ್ಕೂಲಿನ ಡ್ರಿಲ್ ಟೀಚರ್ ಎಂದರೆ ನನಗೆ ಮೊದಲು ನೆನಪಾಗುವುದು ಆ ಕಾಲುಗಳೇ. ಭಾನುವಾರ ಬಂತೆಂದರೆ ಒಬ್ಬರೇ ಯಾವುದಾದರೂ ಗುಡ್ಡ ಹತ್ತುತ್ತಿದ್ದರು. ತೊಂಬತ್ತರ ದಶಕದಲ್ಲಿ ಊರಿಗೆ ಅದು ಆಡಿಕೊಳ್ಳುವ ವಿಷಯ. ಮದುವೆಯಾಗದ ಹೆಂಗಸಿಗೆ ಕಾಡಿನಲ್ಲಿ ಏನು ಕೆಲಸ? ಟೀಚರ್ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಪೋಲಿಯೊದಿಂದ ನನ್ನ ಎಡಗಾಲು ಸಣಕಲಾಗಿತ್ತು. ಡ್ರಿಲ್ ಪೀರಿಯಡ್ಡಿನಲ್ಲಿ ಎಲ್ಲರ ಚಪ್ಪಲಿ ಕಾಯುವುದು ನನ್ನ ಕೆಲಸ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮನ್ನು ದೇವರಮನೆ ಗುಡ್ಡಕ್ಕೆ ಕರೆದೊಯ್ದಾಗ ಹೆಡ್‌ಮಾಸ್ಟರು, "ಇವ್ಳು ದೇವಸ್ಥಾನದ ಹತ್ರ ಕೂತಿರ್ಲಿ" ಎಂದರು.

"ಬೇಡ ಸಾರ್, ಅವ್ಳೇ ಮುಂದೆ ನಡೀತಾಳೆ. ಉಳಿದವ್ರು ಅವ್ಳ ಹಿಂದೆ," ಎಂದರು ಟೀಚರ್.

ಹುಲ್ಲುಗುಡ್ಡದ ಕಾಲುದಾರಿಯಲ್ಲಿ ನಾನು ಮುಂದೆ, ಇಡೀ ಕ್ಲಾಸು ಹಿಂದೆ. "ಇವ್ಳ ದೆಸೆಯಿಂದ ನಾವೂ ಮೇಲೆ ಮುಟ್ಟಲ್ಲ," ಎಂದು ಗೆಳತಿಯೊಬ್ಬಳು ಗೊಣಗಿದ್ದು ಕೇಳಿಸಿತು. ಅಲ್ಲೇ ಕೂತು ಅತ್ತುಬಿಟ್ಟೆ. ಟೀಚರ್ ಬಂದು ಪಕ್ಕದಲ್ಲಿ ಕೂತರು. ಸಮಾಧಾನವೇನೂ ಮಾಡಲಿಲ್ಲ.

"ಕಾಲು ನೋಯ್ತಾ ಇದ್ಯಾ, ನಾಚಿಕೆ ಆಗ್ತಾ ಇದ್ಯಾ?"

"ನಾಚಿಕೆ."

"ಕಾಲು ನೋವಾದ್ರೆ ಈಗ್ಲೇ ವಾಪಸ್ ಹೋಗಣ ಮಾರಾಯ್ತಿ. ನಾಚಿಕೆಯಾದ್ರೆ ಹತ್ತು."

ಸಿಟ್ಟಿನಿಂದಲೇ ಎದ್ದೆ. ಮೇಲೆ ಮುಟ್ಟಿದಾಗ ಮಂಜು ಕವಿದು ಘಾಟಿಯ ಕಡೆ ಏನೂ ಕಾಣಲಿಲ್ಲ. ಗಾಳಿಗೆ ಲಂಗ ಹಾರಿ ನನ್ನ ಕಾಲು ಎಲ್ಲರಿಗೂ ಕಂಡಿತು. ಮುಚ್ಚಿಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಗೊಣಗಿದವಳೇ ತನ್ನ ಬುತ್ತಿಯ ಕಡುಬು ಮುರಿದು ಕೊಟ್ಟಳು.

ವರ್ಷಗಳ ನಂತರ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. "ಕಾಫಿ ನಾನು ಕೊಡ್ತೀನಿ, ನೀನು ಕೂತಲ್ಲೇ ಇರು," ಎಂದರು ಅಮ್ಮ. ನಾನು ತಟ್ಟೆ ಹಿಡಿದು, ನನ್ನ ಕುಂಟು ನಡಿಗೆಯಲ್ಲೇ ಜಗುಲಿಯ ಆ ತುದಿವರೆಗೂ ನಡೆದೆ. ಸಂಬಂಧ ಕೂಡಲಿಲ್ಲ. ಅಮ್ಮ ಅತ್ತರು. ನನಗೆ ಅಳು ಬರಲಿಲ್ಲ.

ಮರುದಿನ ಟೀಚರ್‌ಗೆ ಹೇಳಿದೆ. "ಭಾನುವಾರ ಬೇಗ ಬಾ. ಕುದುರೆಮುಖದ ಕಡೆ ಹೋಗಣ," ಎಂದರು.

ಆಮೇಲೆ ಅವರಿರುವ ತನಕ ಭಾನುವಾರಗಳನ್ನು ಗುಡ್ಡಗಳಲ್ಲೇ ಕಳೆದೆವು. ಒಂದು ಬೇಸಿಗೆಯಲ್ಲಿ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಅವರು ತೀರಿಕೊಂಡ ಮೇಲೆ ಬಂದ ಮೊದಲ ಭಾನುವಾರ ಒಬ್ಬಳೇ ಹೊರಟೆ. ಏರಿನಲ್ಲಿ, ಚಾರಣಕ್ಕೆ ಬಂದಿದ್ದ ದಂಪತಿ ನನ್ನನ್ನು ನೋಡಿ ನಿಂತರು.

"ಕೈ ಹಿಡೀಬೇಕಾ ಅಕ್ಕ?"

"ಬೇಡ, ನೀವು ಮುಂದೆ ಹೋಗಿ," ಎಂದೆ. "ನಾನು ಬರ್ತೀನಿ."