ಸತ್ತ ಹಸುವಿನ ಕಾವಲು

ರಾಮನಗರದ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳನ್ನು ಬೆರಳಲ್ಲಿ ಎಣಿಸಬಹುದು. ಅವು ಹಸಿದಿರಬಾರದೆಂದು ನಮ್ಮ ಪಕ್ಷಿ ವೀಕ್ಷಕರ ಗುಂಪು ಸುತ್ತಲಿನ ಹಳ್ಳಿಗಳಿಂದ ಸತ್ತ ದನಗಳನ್ನು ತರಿಸಿ ಬಂಡೆಯ ಬುಡದಲ್ಲಿ ಹಾಕಿಸುತ್ತದೆ. ಗುಂಪಿನಲ್ಲಿ ನನ್ನ ಕೆಲಸ ಚಿಂತೆ ಮಾಡುವುದು. ಯಾರೂ ನೇಮಿಸಿದ್ದಲ್ಲ, ಹುಟ್ಟಿನಿಂದ ಬಂದದ್ದು.

ಕಳೆದ ಭಾನುವಾರ ಟೆಂಪೊದಲ್ಲಿ ಒಂದು ಹಸು ಬಂತು. ಸಾಯುವ ಮುಂಚೆ ಸೂಜಿ ಹಾಕಿಸಿದ್ದಿರಾ ಎಂದು ಅದರ ಯಜಮಾನನನ್ನು ಕೇಳಿದೆ.

"ನೋವಿಗೆ ಹಾಕ್ಸಿದ್ದೆ ಕಣಣ್ಣ. ಒದ್ದಾಡ್ತಿತ್ತು, ನೋಡಕ್ಕಾಗ್ನಿಲ್ಲ. ಯಾವ್ ಸೂಜಿನೋ ಗೊತ್ತಿಲ್ಲ."

ನೋವಿನ ಕೆಲವು ಔಷಧಿ ಮಾಂಸದಲ್ಲಿ ಉಳಿದರೆ, ತಿಂದ ಹದ್ದು ಸಾಯುತ್ತದೆ. ನಮ್ಮ ಕರಪತ್ರದಲ್ಲೇ ಹಾಗೆಂದು ಅಚ್ಚು ಹಾಕಿಸಿದ್ದೇವೆ. "ಹೂಳಿಸೋಣ" ಎಂದೆ.

ಗುಂಪಿನ ಮುಖಂಡ ನನ್ನ ಬಾಲ್ಯದ ಗೆಳೆಯ. ಅವನು ಕರೆದಿದ್ದ ಅತಿಥಿಗಳು ಕ್ಯಾಮೆರಾ ಹೊತ್ತು ಬೆಂಗಳೂರಿನಿಂದ ಆಗಲೇ ಹೊರಟಿದ್ದರು.

"ಲೇ, ಉಪ್ಪಿಟ್ಟು ಕೊಟ್ರೂ ಕಲ್ಲೈತಾ ಅಂತ ಹುಡುಕೋನು ನೀನು. ಏನೂ ಆಗಾಕಿಲ್ಲ, ಬುಡ್ಲಾ. ಗೆಸ್ಟು ಬಂದ್ಬುಡ್ತಾರೆ."

ಮೈಯೆಲ್ಲ ಉರಿದುಹೋಯಿತು. ಫೋಟೊಗೆ ಹದ್ದು ಬೇಕು, ಆಮೇಲೆ ಅದು ಸತ್ತರೂ ಸರಿ! "ಹಾಕ್ಸು, ನಮ್ ಕರಪತ್ರನೂ ಅದರ ಮೇಲೇ ಹಾಸು" ಎಂದು ಕಿರುಚಿ, ಟೆಂಪೊದ ಹಿಂಬಾಗಿಲಿಗೆ ಅಡ್ಡ ನಿಂತೆ. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದ್ದೆನೋ ಇಲ್ಲವೋ ಎಂಬ ಚಿಂತೆ ಅಲ್ಲೇ ಶುರುವಾಯಿತು.

ಕೊನೆಗೆ ಯಜಮಾನನೇ, "ನನ್ ಹೊಲದಾಗೇ ಹೂಳ್ತೀನಿ, ನಡೀರಿ" ಎಂದ. ದಾರಿಯಲ್ಲಿ ಅವನ ಮನಸ್ಸು ಬದಲಾದರೆ ಎಂದು ನಾನೂ ಟೆಂಪೊ ಹತ್ತಿದೆ.

ದಾರಿಯಲ್ಲಿ ಅತಿಥಿಗಳ ಕಾರು ಎದುರಾಯಿತು. ಹದ್ದುಗಳು ಎಲ್ಲಿ ಸಿಗುತ್ತವೆ ಎಂದು ಕೇಳಿದರು.

"ಇವತ್ತು ಅವು ಉಪವಾಸ ಸಾರ್," ಎಂದೆ. "ನಿಮ್ಮ ಕ್ಯಾಮೆರಾನೂ ಉಪವಾಸ ಇರಲಿ."