ಟಿಕೆಟ್ಟಿನಲ್ಲಿ ನಾನು ಹಾಕಿದ ಹೆಸರು

ನಾಗಮ್ಮ, ಅಂದು ನಿನ್ನ ವಿಮಾನದ ಟಿಕೆಟ್ಟಿನಲ್ಲಿ ಬೇರೆ ಹೆಸರು ಹಾಕಿದ್ದು ನಾನು. ಕಣ್ತಪ್ಪಿನಿಂದಲ್ಲ. ನಿನ್ನ ಪಾಸ್‌ಪೋರ್ಟ್ ನನ್ನ ಎಡಗೈ ಪಕ್ಕದಲ್ಲೇ ತೆರೆದಿತ್ತು, ಅದರಲ್ಲಿ ನಾಗಮ್ಮ ಎಂದಿತ್ತು, ನಾನು ಸುಮಂಗಲಾ ಎಂದು ಒತ್ತಿದೆ. ಆಮೇಲೆ ಎಲ್ಲರ ಮುಂದೆ, ನೀನೇ ಹಾಗೆ ಬರೆಸಿದೆ ಎಂದೆ. ತಪ್ಪೂ ನನ್ನದು, ಸುಳ್ಳೂ ನನ್ನದು.

ನಾನು ಸುತ್ತಿಬಳಸಿ ಮಾತಾಡುವವಳಲ್ಲ, ನಿನಗೆ ಗೊತ್ತು. ಗಂಡ ತೀರಿಕೊಂಡ ಮೇಲೆ ತಮ್ಮ ಶಿವರಾಜನ ಮನೆ ಸೇರಿ, ಚಿತ್ತಾಪುರದ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟು ತಲೆಯೆತ್ತಿ ಬದುಕಿದವಳು. ಈಕೆ ಬರೆದ ಕಾಗದ ತಿರುಗಿ ಬರುವುದಿಲ್ಲ ಎಂದು ವಕೀಲರೇ ಹೇಳುತ್ತಿದ್ದರು. ಆ ಹಮ್ಮು ನನಗಿತ್ತು, ಈಗಲೂ ಇದೆ. ಕೆಲಸದ ಮಟ್ಟಿಗೆ ಅದು ಸುಳ್ಳೇನಲ್ಲ. ಆದರೆ ನಿನ್ನ ಒಂದು ಕಾಗದದ ವಿಷಯದಲ್ಲಿ —

ನಮ್ಮ ಮನೆತನದ ಪದ್ಧತಿಯಂತೆ ನಿನ್ನ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಮದುಮಗ ಶಿವರಾಜ ಉಂಗುರದಿಂದ ನಿನ್ನ ಹೊಸ ಹೆಸರು ಬರೆದ. ಬರೆದದ್ದು ತಮ್ಮ, ಆರಿಸಿದ್ದು ನಾನು. ತವರೂರು ಕೊಡ್ಲಿಯಿಂದ ಬಂದ ನಾಗಮ್ಮ ಅಲ್ಲಿಗೆ ಮುಗಿದಳು ಅಂದುಕೊಂಡೆ. ಓಣಿಯಲ್ಲಿ ನೀನು ಸುಮಂಗಲಾ, ರೇಷನ್ ಕಾರ್ಡಿನಲ್ಲಿ ಸುಮಂಗಲಾ, ಮತದಾರರ ಪಟ್ಟಿಯಲ್ಲೂ ಸುಮಂಗಲಾ. ನನಗೂ ಗಂಡನ ಮನೆಯಲ್ಲಿ ಹೆಸರು ಬದಲಿಸಿದ್ದರು. ಅದು ನನಗೆ ಒಂದು ದಿನವೂ ಒಗ್ಗಲಿಲ್ಲ. ಅಷ್ಟು ಗೊತ್ತಿದ್ದವಳು ನಿನ್ನ ಮೇಲೆ ಮತ್ತೆ ಅದನ್ನೇ ಹೇರಿದೆನಲ್ಲ.

ಏಳು ವರ್ಷದ ಹಿಂದೆ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ನಿನ್ನ ತಂಗಿ ರೇಣುಕಾಗೆ ಚೊಚ್ಚಲ ಹೆರಿಗೆ ಹತ್ತಿರ ಬಂತು. ತಾಯಿಯಿಲ್ಲದ ಹುಡುಗಿ, ನಿನ್ನ ಕೈಯಲ್ಲೇ ಬೆಳೆದವಳು; ಬಾಣಂತನಕ್ಕೆ ನೀನಲ್ಲದೆ ಇನ್ಯಾರು ಹೋಗಬೇಕು? ಪಾಸ್‌ಪೋರ್ಟಿನ ಅರ್ಜಿ ನಾನೇ ತುಂಬಿದೆ. ನಿನ್ನ ಹತ್ತನೆಯ ತರಗತಿಯ ಅಂಕಪಟ್ಟಿ, ತವರಿಗೆ ಹೋದಾಗ ಮಾಡಿಸಿದ ಆಧಾರ್ — ಎರಡರಲ್ಲೂ ಹಳೆಯ ಹೆಸರೇ. ಬೇರೆ ದಾರಿಯಿರಲಿಲ್ಲ, ಅದನ್ನೇ ಹಾಕಿದೆ.

ವಿಚಾರಣೆಗೆ ಪೇದೆ ಬಂದಾಗ ನಡೆದದ್ದು ನೆನಪಿದೆಯೇ? ನಾಗಮ್ಮ ಯಾರೆಂದು ಕೇಳಿದವನಿಗೆ ಎದುರುಮನೆಯಾಕೆ, "ಆ ಹೆಸರಿನಾಕಿ ಈ ಓಣ್ಯಾಗ ಯಾರೂ ಇಲ್ರಿ" ಎಂದು ಕಳಿಸಿಯೇಬಿಟ್ಟಿದ್ದಳು. ನಾನು ಚಹಾ ಅಂಗಡಿಯ ತನಕ ಓಡಿ ಅವನನ್ನು ಕರೆತಂದೆ. ನೀನು ಬಾಗಿಲಲ್ಲಿ ನಿಂತು, "ನಾನೇರಿ ನಾಗಮ್ಮ" ಎಂದೆ. ಎಷ್ಟು ಗಟ್ಟಿಯಾಗಿ ಎಂದೆ, ಎಷ್ಟು ಖುಷಿಯಿಂದ. ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ಉಂಡು ಉಟ್ಟವಳು ನಾನಿಟ್ಟ ಹೆಸರನ್ನು ಇಷ್ಟು ಸಲೀಸಾಗಿ ಬದಿಗಿಟ್ಟಳಲ್ಲ ಎಂದುಕೊಂಡೆ. ಅದು ಸಿಟ್ಟು, ಸಣ್ಣತನದ ಸಿಟ್ಟು.

ಟಿಕೆಟ್ ತೆಗೆಸಲು ನೀನು ಅಂಗಡಿಗೆ ಬಂದೆ.

"ಅಕ್ಕಾ, ಪಾಸ್‌ಪೋರ್ಟಿನಾಗ ಇದ್ದಂಗ ನಾಗಮ್ಮ ಅಂತನೇ ಹಾಕ್ರಿ."

"ನೀ ಯಾರ ಮನಿ ಸೊಸಿ? ಈ ಮನಿಯಿಂದ ಹೊಂಟಾಕಿ ಈ ಮನಿ ಹೆಸರಿನಿಂದನೇ ಹೋಗಬೇಕು."

"ಅಲ್ಲಿ ತಡದ್ರ?"

"ಅಫಿಡವಿಟ್ ಮಾಡಿ ಕೊಡ್ತೀನಿ. ನನ್ನ ಕಾಗದಕ್ಕ ಇಲ್ಲೀತನಕ ಯಾರೂ ಇಲ್ಲ ಅಂದಿಲ್ಲ."

ನಾಗಮ್ಮ, ಸುಮಂಗಲಾ ಇಬ್ಬರೂ ಒಬ್ಬಳೇ ಎಂದು ಬಾಂಡ್ ಪೇಪರಿನಲ್ಲಿ ಬರೆದು ನೋಟರಿಯ ಮುದ್ರೆ ಹಾಕಿಸಿದೆ. ನಮ್ಮ ತಾಲೂಕಿನಲ್ಲಿ ಆ ಕಾಗದ ತೋರಿಸಿದರೆ ಹೊಲದ ಖಾತೆ ಬದಲಾಗುತ್ತದೆ, ಪಿಂಚಣಿ ಬರುತ್ತದೆ. ವಿಮಾನಕ್ಕೂ ಸಾಕು ಎಂದು ನಂಬಿದ್ದೆ ಎಂದು ಹೇಳಿದರೆ ಕೇಳುವವರು ಒಪ್ಪಿಯಾರು. ಆದರೆ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು ಎಂದು ಟಿಕೆಟ್ ತೆಗೆಯುವಾಗ ಕಂಪ್ಯೂಟರಿನ ಪರದೆಯ ಮೇಲೆ ಕೆಂಪಕ್ಷರದಲ್ಲಿತ್ತು. ನಾನು ಅದನ್ನು ಓದಿದ್ದೆ.

ಹೈದರಾಬಾದಿನ ವಿಮಾನ ನಿಲ್ದಾಣದ ಬಾಗಿಲಲ್ಲೇ ನಿನ್ನನ್ನು ತಡೆದರು. ಪಾಸ್‌ಪೋರ್ಟಿನಲ್ಲಿ ಒಬ್ಬಳು, ವೀಸಾದಲ್ಲೂ ಅವಳೇ, ಟಿಕೆಟ್ಟಿನಲ್ಲಿ ಮಾತ್ರ ಇನ್ನೊಬ್ಬಳು. ಕನ್ನಡದಲ್ಲಿದ್ದ ನನ್ನ ಅಫಿಡವಿಟ್ಟನ್ನು ಕಾವಲಿನವನು ಹಿಂದೆ ಮುಂದೆ ತಿರುಗಿಸಿ ಮರಳಿ ಕೊಟ್ಟನಂತೆ. ಪೂರ್ತಿ ಹೆಸರು ಬದಲಿಸಲು ಬರುವುದಿಲ್ಲ, ಹೊಸ ಟಿಕೆಟ್ಟೇ ಬೇಕು ಎಂದರಂತೆ. ಅದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ರೇಣುಕಾಳ ಬಾಣಂತನಕ್ಕೆಂದು ಕಟ್ಟಿದ್ದ ಅಂಟಿನುಂಡಿಯ ಡಬ್ಬಿ ಹಿಡಿದುಕೊಂಡು ಸೇಡಂ ದಾರಿಯ ರೈಲಿನಲ್ಲಿ ನೀನು ಚಿತ್ತಾಪುರಕ್ಕೆ ವಾಪಸು ಬಂದೆ.

ಶಿವರಾಜ ಮನೆಯ ನಡುವೆ ನಿಂತು, ಈ ಹೆಸರು ಬರೆದದ್ದು ಯಾರೆಂದು ಕೂಗಾಡಿದ. ನನ್ನ ಬಾಯಿಂದ ಅಳುಕಿಲ್ಲದೆ ಬಂತು: "ಆಕೀನೇ ಹಂಗ ಬರಿ ಅಂದಾಳ. ನಾ ಏನ್ ಮಾಡ್ಲಿ?" ನೀನು ನನ್ನತ್ತ ಒಮ್ಮೆ ನೋಡಿದೆ. ಈಗ ಹೇಳುತ್ತಾಳೆ, ಈಗ — ಎಂದು ಕಾದೆ. ನೀನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ನಡೆದೆ. ತಮ್ಮ ನಿನ್ನನ್ನೇ ಬೈದ.

ಅಷ್ಟಕ್ಕೂ ಬಿಡಲಿಲ್ಲ ನಾನು. ಅಳುತ್ತ ಫೋನ್ ಮಾಡಿದ ರೇಣುಕಾಗೆ, "ನಿಮ್ಮಕ್ಕಗ ಬರೂ ಮನಸ ಇದ್ದಂಗಿಲ್ಲವ್ವ" ಎಂದುಬಿಟ್ಟೆ. ಒಂದು ಸುಳ್ಳಿಗೆ ಇನ್ನೊಂದರ ಊರುಗೋಲು. ಅವಳು ಪರದೇಶದಲ್ಲಿ ಒಬ್ಬಳೇ ಹೆತ್ತಳು. ಅಂದಿನಿಂದ ಇಲ್ಲಿಯವರೆಗೆ ಎರಡು ಸಲ ಕೊಡ್ಲಿಗೆ ಬಂದಳು, ಚಿತ್ತಾಪುರಕ್ಕೆ ಬರಲಿಲ್ಲ. ಅವಳ ಮಗನನ್ನು ನೀನು ಫೋಟೋದಲ್ಲಿ ಮಾತ್ರ ನೋಡಿದ್ದೀಯ, ಅದೂ ಬೇರೆಯವರ ಫೋನಿನಲ್ಲಿ.

ಹೋದ ವಾರ ಮಳಖೇಡದ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಅವಳಿಗೂ ಎರಡು ಹೆಸರು, ಅವಳದೂ ಪರದೇಶದ ಪ್ರಯಾಣ. ಟಿಕೆಟ್ಟಿನಲ್ಲಿ ಯಾವುದು ಹಾಕಲಿ ಎಂದು ಕೇಳಿದಳು. "ಪಾಸ್‌ಪೋರ್ಟಿನಾಗ ಏನದ, ಅದೇ. ಬ್ಯಾರೆ ಮಾತೇ ಇಲ್ಲ" ಎಂದೆ. ಹೇಳಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಅವಳು ಹೋದ ಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಕೂತು ಅತ್ತೆ. ಯಾರೋ ಹುಡುಗಿಗೆ ಇಷ್ಟು ಸುಲಭವಾಗಿ ಕೊಟ್ಟದ್ದನ್ನು ನಿನಗೆ ಕೊಡಲಿಲ್ಲ.

ಇವತ್ತು ಬೆಳಿಗ್ಗೆ ರೇಣುಕಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಒಂದೂ ಬಿಡದೆ. ಅವಳು ನನ್ನನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ನೀವು ಈಗರೆ ಹೇಳ್ಲಿಕತ್ತೀರಿ. ನಮ್ಮಕ್ಕ ಇಷ್ಟ ವರ್ಷ ಯಾಕ ಹೇಳಲಿಲ್ರಿ?"

ನನಗೆ ಗೊತ್ತು ಯಾಕೆಂದು. ನೀನು ತಂಗಿಯ ಹತ್ತಿರ ಬಾಯಿ ಬಿಟ್ಟಿದ್ದರೂ ಮಾತು ಶಿವರಾಜನ ಕಿವಿಗೆ ಬಿದ್ದು, ಅವನು ಅವತ್ತೇ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದ. ಅದಕ್ಕೇ ನೀನು ತಂಗಿಯನ್ನು ಕಳೆದುಕೊಂಡೆ. ಅದಕ್ಕೇ ಏಳು ವರ್ಷ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದೆ.

ಮಧ್ಯಾಹ್ನ ಶಿವರಾಜ ಊಟಕ್ಕೆ ಬರುತ್ತಾನೆ. ಕೈತೊಳೆದು ಕೂತ ಕೂಡಲೆ ನಾನು ಹೇಳುತ್ತೇನೆ. ಅವನು ಏನೇ ಅನ್ನಲಿ, ಎದ್ದು ಹೋಗೆಂದರೂ ಸರಿ — ಈ ಸಲ ನೀನು ನಡುವೆ ಬಂದು ನನ್ನನ್ನು ಉಳಿಸಬೇಡ.