ಬೆಳಿಗ್ಗೆ ಬೀಳದ ಗೇರ್

ಅಂಕೋಲೆ ಪಕ್ಕದ ಕೇಣಿಯ ರಾಮನಾಥನಿಗೆ ದೇವರ ನಂತರ ನಂಬಿಕೆ ಇದ್ದದ್ದು ತನ್ನ ಹಳೇ ಮೋಟಾರ್‌ಸೈಕಲ್ಲಿನ ಮೇಲೆ, ಆಮೇಲೆ ಹಿತ್ತಲ ತೆಂಗಿನಕಾಯಿ ಒಣಗಿಸಿ ತಾನೇ ಗಾಣದ ಮುಂದೆ ನಿಂತು ತೆಗೆಸಿದ ಕೊಬ್ಬರಿ ಎಣ್ಣೆಯ ಮೇಲೆ. ಮಂಡಿನೋವಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ, ಬಂಗುಡೆ ಹುರಿಯಲಿಕ್ಕೂ ಅದೇ. ಕದ್ರಾದ ವಿದ್ಯುತ್ ಕೇಂದ್ರದಲ್ಲಿ ನೌಕರಿ ಮುಗಿಸಿ ಬಂದ ಮನುಷ್ಯ, ಯಂತ್ರದ ಮರ್ಮ ಬಲ್ಲವನೇ ಇರಬೇಕು ಅಂತ ನೀವು ಅಂದುಕೊಂಡರೆ ಅದು ನಿಮ್ಮ ತಪ್ಪು. ಅವನು ಅಲ್ಲಿ ಕ್ಯಾಂಟೀನು ನೋಡಿಕೊಳ್ಳುತ್ತಿದ್ದ.

ಈ ಸಲ ನರಕಚತುರ್ದಶಿಯ ದಿನ ಮನೆಮಂದಿಗೆಲ್ಲ ಎಣ್ಣೆಸ್ನಾನವಾದ ಮೇಲೆ ರಾಮನಾಥನ ಕಣ್ಣು ಅಂಗಳದ ಗಾಡಿಯ ಮೇಲೆ ಬಿತ್ತು. ಇಷ್ಟು ವರ್ಷ ದುಡಿದ ಜೀವ, ಅದು ಮಾತ್ರ ಯಾಕೆ ಒಣಗಿ ನಿಲ್ಲಬೇಕು? ಕ್ಲಚ್ ಕೇಬಲ್ಲಿನ ಬಾಯಿಗೆ ಬಾಳೆ ಎಲೆಯ ಕೊಳವೆ ಸಿಕ್ಕಿಸಿ ಎಣ್ಣೆ ಕುಡಿಸಿದ. ಗೇರ್ ಲಿವರಿನ ಸಂದುಸಂದಿಗೂ ತಿಕ್ಕಿದ. "ಒಂದು ಬಟ್ಟಲು ಅವಲಕ್ಕಿಯನ್ನೂ ಇಡಿ ಅದರ ಮುಂದೆ" ಎಂದಳು ಹೆಂಡತಿ ಸುಗಂಧಾ. ಗಾಡಿ ಮಾತ್ರ ಆ ದಿನ ಬಲು ಹಗುರವಾಗಿ ಓಡಿತು. ಅಂದಿನಿಂದ ಗಾಡಿಗೆ ಏನೇ ಆದರೂ ಔಷಧ ಒಂದೇ ಆಯಿತು.

ಚಳಿ ಶುರುವಾದದ್ದೇ ತಡ, ಗೇರ್ ಮುನಿಸಿಕೊಂಡಿತು. ಬೆಳಿಗ್ಗೆ ಗಂಡ ಹೆಂಡತಿ ಒಟ್ಟಿಗೆ ಅಂಕೋಲೆಯ ಮೀನುಪೇಟೆಗೆ ಹೋಗುವುದು ಮದುವೆಯಾದಾಗಿನ ರೂಢಿ. ಅವಳು ಮೀನಿನ ಕಿವಿರು ಎತ್ತಿ ನೋಡಿ ಚೌಕಾಶಿ ಮಾಡಬೇಕು, ಅವನು ಚೀಲ ಹಿಡಿದು ತಲೆ ಅಲ್ಲಾಡಿಸಬೇಕು. ಒಂದು ದಿನ ಪೇಟೆಯಿಂದ ಮರಳುವಾಗ ಬಸ್‌ಸ್ಟ್ಯಾಂಡಿನ ಎದುರು ರಾಮನಾಥ ಗೇರ್ ಬದಲಿಸಲು ಹೋದ. ಹಿಡಿದ ಕ್ಲಚ್ ಹಿಡಿದಲ್ಲೇ ನಿಂತಿತು, ಆಮೇಲೆ ತನಗೆ ಬೇಕಾದಾಗ ಬಿಟ್ಟಿತು. ಗಾಡಿ ಕಪ್ಪೆಯ ಹಾಗೆ ಹಾರಿತು. ಸುಗಂಧಾ ಹಿಂದೆ ಜಾರಿ ರಸ್ತೆಯ ಮೇಲೆ ಕೂತಳು, ಚೀಲದ ಬಂಗುಡೆಗಳೆಲ್ಲ ಅವಳ ಸುತ್ತ ಚೆಲ್ಲಿದವು. ರಾಮನಾಥ ಇಳಿದವನೇ ಕುಕ್ಕರಗಾಲಲ್ಲಿ ಕೂತು ಗೇರ್ ಲಿವರ್ ಅಲ್ಲಾಡಿಸಿ ನೋಡತೊಡಗಿದ. ಅವಳನ್ನು ಎಬ್ಬಿಸಿದವರು ಬಸ್ಸಿಗೆ ಕಾದಿದ್ದ ಹೆಂಗಸರು.

"ನಾ ಇನ್ನು ಅದರ ಮೇಲೆ ಕೂರೂದಿಲ್ಲ" ಎಂದಳು ಸುಗಂಧಾ. ಮರುದಿನದಿಂದ ಪಕ್ಕದ ಮನೆ ಕಾಶಿಯ ಸ್ಕೂಟರ್ ಹತ್ತಿ ಪೇಟೆಗೆ ಹೋದಳು.

ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಪೇಟೆಗೆ ಹೋಗುವುದೆಂದರೆ ರಾಮನಾಥನಿಗೆ ಲುಂಗಿ ಮರೆತು ಹೋದ ಹಾಗೆ ಆಗುತ್ತಿತ್ತು. ಮೀನು ಮಾರುವ ಮಂಜಿ ಬೇರೆ, "ಸುಗಂಧಾಬಾಯಿ ಆಗಲೇ ಸ್ಕೂಟರ್ ಮೇಲೆ ಬಂದು ಹೋದ್ರಲ್ಲ, ನಿಮಗೆ ಯಾವ ಮೀನು?" ಎಂದು ಎಲ್ಲರ ಎದುರು ಕೇಳುವಳು. ಅವನಿಗೆ ಬೇಕಾದದ್ದು ಮೀನಲ್ಲ, ಹೆಂಡತಿ ಮತ್ತೆ ಹಿಂದೆ ಕೂರುವುದು. ಅದಕ್ಕೆ ಗೇರ್ ಸರಿಯಾಗಬೇಕು, ಅಷ್ಟೇ ಅವನ ಲೆಕ್ಕ.

ಬಾಳೆಗುಳಿಯ ಮೆಕ್ಯಾನಿಕ್ ಹುಲಿಯಾ ಅಂಗಡಿ ತೆಗೆಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಅವನ ಎದುರು ಗೇರ್ ಟಕ್ ಟಕ್ ಎಂದು ಬೀಳುವುದು, ಸಾಲೆಮಾಸ್ತರರ ಎದುರು ಮಗ್ಗಿ ಒಪ್ಪಿಸಿದ ಹಾಗೆ. "ಗಾಡಿ ಸರಿ ಅದೆ ರಾಮನಾಥಣ್ಣ, ನಿಮ್ಮ ಕಾಲೇ ಒಮ್ಮೆ ಡಾಕ್ಟರಿಗೆ ತೋರಿಸಿ" ಎಂದ ಹುಲಿಯಾ. ಆದರೂ ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂದು ಕ್ಲಚ್ ಪ್ಲೇಟು ಬದಲಿಸಿದ. ಇನ್ನೊಂದು ಸಲ ಲಿವರ್ ಬದಲಿಸಿದ. ಮೂರನೇ ಸಲ ಏನೂ ತೋಚದೆ ಹ್ಯಾಂಡಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ರಾಮನಾಥ ಮನೆಗೆ ಬಂದು ಸಂಜೆ ಕೇಬಲ್ಲಿಗೆ ಇನ್ನೊಂದಿಷ್ಟು ಎಣ್ಣೆ ಕುಡಿಸುವನು. ಬೆಳಗಾದರೆ ಗೇರ್ ಮತ್ತೆ ಕಲ್ಲು.

ಕೊನೆಗೆ ಹುಲಿಯಾನ ಕಾಲು ಹಿಡಿಯುವುದೊಂದು ಬಾಕಿ ಇಟ್ಟು, ಬೆಳಕು ಹರಿಯುವ ಹೊತ್ತಿಗೆ ಮನೆಗೇ ಕರೆಸಿದ. ಹುಲಿಯಾ ಕಿವಿ ಮುಚ್ಚುವ ಮಂಗನ ಟೊಪ್ಪಿ ಹಾಕಿ, ಶಪಿಸುತ್ತ ಬಂದು ಲಿವರ್ ಒತ್ತಿದ. ಬೀಳಲಿಲ್ಲ. ಮೆಟ್ಟಿದ, ಬೀಳಲಿಲ್ಲ. "ಹೌದು ಮಾರಾಯ್ರೆ, ನಿಮ್ಮ ಮಾತು ಖರೆ" ಎಂದಾಗ ರಾಮನಾಥನಿಗೆ ಸನ್ಮಾನವಾದಷ್ಟು ಖುಷಿ. ಹುಲಿಯಾ ಕೇಬಲ್ ಬಿಚ್ಚಿ ಒಳಗಿನ ತಂತಿ ಎಳೆದ. ತಂತಿಯ ಜೊತೆ ಬಿಳಿ ಬಿಳಿಯಾಗಿ ಗಟ್ಟಿ ಏನೋ ಬಂತು. ಮೂಸಿ ನೋಡಿದ.

"ಇದೆಂತ, ಒಳಗೆ ಅಡುಗೆ ಮಾಡ್ತೀರಾ?"

ಅದೇ ಹೊತ್ತಿಗೆ ಸುಗಂಧಾ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ತಲೆಕೆಳಗಾಗಿ ಹಿಡಿದುಕೊಂಡೇ ಹೊರಗೆ ಬಂದಳು. ಒಂದು ಹನಿಯೂ ಬೀಳಲಿಲ್ಲ. ಬಿಸಿಲು ಬಂದರೆ ಕರಗಲಿ ಎಂದು ಗೋಡೆಯ ಮೇಲೆ ಇಟ್ಟಳು. ಹುಲಿಯಾ ಬಾಟಲಿ ನೋಡಿದ, ತಂತಿ ನೋಡಿದ, ರಾಮನಾಥನ ಮುಖ ನೋಡಿದ. ಆಮೇಲೆ ಅಂಗಳದಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕ. ರಾಮನಾಥ, "ಎಣ್ಣೆ ಒಳ್ಳೇದೇ, ಚಳಿಯೇ ಜಾಸ್ತಿ" ಎಂದು ಏನೇನೋ ಅಂದ.

ಚಿಮಣಿ ಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು, ಕೇಬಲ್ಲಿಗೆ ಗಾಡಿಯದ್ದೇ ಎಣ್ಣೆ ಬಿಟ್ಟು ಜೋಡಿಸಿದರು. ಗೇರ್ ನಾಲ್ಕೂ ಬಿದ್ದವು. ರಾಮನಾಥ ಗಾಡಿ ಚಾಲೂ ಇಟ್ಟು, ಎದೆಯುಬ್ಬಿಸಿ ಕೂತು ಕರೆದ.

"ಸುಗಂಧಾ, ಬಾ. ಗೇರ್ ಸರಿ ಆಯ್ತು."

ಸುಗಂಧಾ ಚೀಲ ಹಿಡಿದು ಬಂದವಳು ಗಾಡಿ ದಾಟಿ ಕಾಶಿಯ ಮನೆಯ ಕಡೆ ನಡೆದಳು.

"ಈಗೆಂತಕ್ಕೆ ಸಿಟ್ಟು? ಸರಿ ಆಯ್ತಲ್ಲ."

ಅವಳು ನಿಂತಳು. "ನಾ ಗೇರ್ ಸಲುವಾಗಿ ಬಿಟ್ಟದ್ದಾ? ಅವತ್ತು ಅಷ್ಟು ಜನರ ಎದುರು ನಾ ರಸ್ತೆ ಮೇಲೆ ಕೂತಿದ್ದೆ. ನೀವು ಗೇರಿನ ಹತ್ರ ಕೂತಿದ್ರಿ."

ರಾಮನಾಥ ಗಾಡಿ ಬಂದ್ ಮಾಡಿದ. ಹುಲಿಯಾ ಬಗ್ಗಿ, ಬೇಡದ ಪಾನಾ, ಸ್ಕ್ರೂಡ್ರೈವರುಗಳನ್ನೆಲ್ಲ ಒಂದೊಂದಾಗಿ ಒರೆಸತೊಡಗಿದ.

"ಪೆಟ್ಟಾಗಿತ್ತಾ?" ಎಂದ ರಾಮನಾಥ.

"ಆಗಿತ್ತು. ಸೊಂಟಕ್ಕೆ."

"ನೀ ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ."

ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ಇಷ್ಟು ದಿನ ಲಿವರನ್ನು ಎಷ್ಟು ಸಲ ಸವರಿದ್ದ, ಅವಳನ್ನು ಒಂದು ಮಾತು ಕೇಳಿರಲಿಲ್ಲ. ಗಾಡಿಯಿಂದ ಇಳಿದು ಬಂದು, ಹುಲಿಯಾ ಕೇಳಿಸಿಕೊಳ್ಳುವ ಹಾಗೆಯೇ, "ತಪ್ಪಾಯ್ತು" ಎಂದ. ಕೇಣಿಯಲ್ಲಿ ಗಂಡಸರು ಇದನ್ನು ಬಾಗಿಲು ಹಾಕಿಕೊಂಡು ಹೇಳುತ್ತಾರೆ, ಹೇಳಿದರೆ. ಸುಗಂಧಾ ಚೀಲವನ್ನು ಅವನ ಕೈಗೆ ಕೊಟ್ಟು, ಹಿಂದಿನ ಸೀಟಿನ ಮೇಲೆ ಕೂತು ಸೆರಗು ಸಿಕ್ಕಿಸಿದಳು.

ಅವನು ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿ, ಹತ್ತಿ ಗಾಡಿ ಚಾಲೂ ಮಾಡಿದ. ಒಂದನೇ ಗೇರ್ ಬಿತ್ತು. ರಾಮನಾಥ ಹಿಂದೆ ತಿರುಗಿ, "ಕೂತಿದ್ದೀಯಾ?" ಎಂದ.

"ಕೂತಿದ್ದೇನೆ."

ಎರಡನೇ ಗೇರ್ ಬಿತ್ತು. ಮತ್ತೆ ತಿರುಗಿದ.

"ಕೂತಿದ್ದೇನೆ" ಎಂದು ಅವನ ಭುಜ ಹಿಡಿದಳು ಸುಗಂಧಾ. "ಮುಂದೆ ನೋಡಿ, ಎಮ್ಮೆ ಅದೆ."